ಚಳಿಗಾಲದಲ್ಲಿ ಅಮೆರಿಕದ ಹಳೇ ಊರುಗಳು: ಕಡಿಮೆ ಖರ್ಚಿಗೆ ಯಾವುದು ಸರಿ?

ಡಿಸೆಂಬರ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ಪ್ರಶ್ನೆಯವು. "ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಮಕ್ಕಳಿಗೂ ರಜೆ. ಜಾಸ್ತಿ ಖರ್ಚಾಗಬಾರದು. ಎಲ್ಲಿಗೆ ಕರೆದುಕೊಂಡು ಹೋಗಲಿ?" ನಯಾಗರಕ್ಕೆ ಹೋಗೋಣವೆಂದರೆ ಚಳಿ ಬಿಡುವುದಿಲ್ಲ, ಡಿಸ್ನಿಗೆ ಹೋಗೋಣವೆಂದರೆ ಜೇಬು ಬಿಡುವುದಿಲ್ಲ. ಕೊನೆಗೆ ಉಳಿಯುವುದು ಇತಿಹಾಸವಿರುವ ಹಳೇ ಊರುಗಳು. ನ್ಯೂಜೆರ್ಸಿಯಲ್ಲಿ ಇಷ್ಟು ವರ್ಷ ಇದ್ದು, ಬಂದ ನೆಂಟರನ್ನೆಲ್ಲ ಸುತ್ತಿಸಿ, ನಾನೂ ಒಂದಷ್ಟು ತಪ್ಪು ಮಾಡಿದ್ದೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಎಲ್ಲರೂ ಮೊದಲು ನೋಡುವುದು ವಿಮಾನದ ಟಿಕೆಟ್ ಮತ್ತು ಪ್ರವೇಶ ಶುಲ್ಕ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಚಳಿಗಾಲದಲ್ಲಿ ಮೊದಲು ಕೇಳಬೇಕಾದ್ದು ಬೇರೆ. ಸಂಜೆ ಎಷ್ಟು ಹೊತ್ತಿಗೆ ಕತ್ತಲಾಗುತ್ತದೆ? ಕೈ ಮರಗಟ್ಟಿದಾಗ ದುಡ್ಡು ಕೊಡದೆ ಒಳಗೆ ಕೂರಲು ಜಾಗ ಇದೆಯಾ? ಕಾರಿಲ್ಲದೆ ಓಡಾಡಲು ಆಗುತ್ತಾ?

ಕತ್ತಲೆಯ ವಿಷಯ ಸುಮ್ನೆ ಹೇಳುತ್ತಿಲ್ಲ. ಡಿಸೆಂಬರ್ ಮಧ್ಯದಲ್ಲಿ ಬಾಸ್ಟನ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ವಾಷಿಂಗ್ಟನ್‌ನಲ್ಲಿ ನಾಲ್ಕೂಮುಕ್ಕಾಲು, ನ್ಯೂ ಆರ್ಲಿಯನ್ಸ್‌ನಲ್ಲಿ ಐದು, ಸ್ಯಾನ್ ಆಂಟೋನಿಯೋದಲ್ಲಿ ಐದೂವರೆ ದಾಟುತ್ತದೆ. ಮಕ್ಕಳು, ಹಿರಿಯರನ್ನೆಲ್ಲ ಎಬ್ಬಿಸಿ, ತಿಂಡಿ ತಿನ್ನಿಸಿ, ಮೂರು ಪದರ ಬಟ್ಟೆ ಹಾಕಿಸಿ ಹೊರಡುವಷ್ಟರಲ್ಲಿ ಗಂಟೆ ಹತ್ತೂವರೆ. ಬಾಸ್ಟನ್‌ನಲ್ಲಿ ಕೈಗೆ ಸಿಗುವ ಬೆಳಕು ಆರು ಗಂಟೆಗೂ ಕಡಿಮೆ. ಹೋಟೆಲಿಗೆ ಕೊಡುವ ಬಾಡಿಗೆ ಮಾತ್ರ ಪೂರ್ತಿ ದಿನದ್ದು.

ವಾಷಿಂಗ್ಟನ್ ಡಿಸಿ: ಮೊದಲ ಸಲಕ್ಕೆ ಇದೇ

ಯಾವ ಲೆಕ್ಕ ಹಾಕಿದರೂ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಡಿಸಿ. ಕಾರಣ ಸ್ಮಿತ್ಸೋನಿಯನ್. ಡಿಸಿಯಲ್ಲಿರುವ ಇದರ ಮ್ಯೂಸಿಯಂಗಳಿಗೆಲ್ಲ ಪ್ರವೇಶ ಉಚಿತ. ಡಿಸೆಂಬರ್ 25 ಬಿಟ್ಟರೆ ಮುಖ್ಯವಾದವು ದಿನವೂ ತೆರೆದಿರುತ್ತವೆ. ಜೇಮ್ಸ್ ಸ್ಮಿತ್ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಬಿಟ್ಟುಹೋದ ಆಸ್ತಿಯಿಂದ 1846ರಲ್ಲಿ ಹುಟ್ಟಿದ ಸಂಸ್ಥೆ ಇದು. ಆ ಪುಣ್ಯಾತ್ಮ ಬದುಕಿದ್ದಾಗ ಒಂದು ಸಲವೂ ಅಮೆರಿಕಕ್ಕೆ ಕಾಲಿಟ್ಟವನಲ್ಲ! ಅವನ ದುಡ್ಡಿನಲ್ಲಿ ನಾವು ಜನವರಿಯ ಚಳಿಯಲ್ಲಿ ಬೆಚ್ಚಗೆ ಕೂರುತ್ತೇವೆ.

ವಿಮಾನಗಳ ಮ್ಯೂಸಿಯಂನಂಥ ಕೆಲವಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಸಮಯ ಕಾಯ್ದಿರಿಸಬೇಕಾಗಬಹುದು, ಅದೂ ಉಚಿತವೇ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ 45.52 ಕ್ಯಾರಟ್‌ನ ನೀಲಿ ಹೋಪ್ ವಜ್ರ ಇದೆ. ಇದು ಕೊಲ್ಲೂರು ಗಣಿಯದ್ದು ಎನ್ನುತ್ತಾರೆ. ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದಲ್ಲಿ ಕೃಷ್ಣಾ ತೀರದ ಕೊಲ್ಲೂರು. ಅಮ್ಮನಿಗೆ ಇದನ್ನು ಹೇಳಿದ ಮೇಲೆ ಗಾಜಿನ ಪೆಟ್ಟಿಗೆಯ ಮುಂದಿನಿಂದ ಕದಲಿಸಲು ಹತ್ತು ನಿಮಿಷ ಬೇಕಾಯಿತು.

ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸ್ವಾತಂತ್ರ್ಯ ಘೋಷಣೆ ಮತ್ತು ಸಂವಿಧಾನದ ಮೂಲ ಪ್ರತಿಗಳಿವೆ. ದೀಪ ತೀರಾ ಮಬ್ಬು, ಫೋಟೋ ತೆಗೆಯುವಂತಿಲ್ಲ. 1776ರ ಆ ಘೋಷಣೆಯ ಶಾಯಿ ಎಷ್ಟು ಮಾಸಿದೆಯೆಂದರೆ ಬಗ್ಗಿ ನೋಡಿದರೂ ಅಕ್ಷರ ಹತ್ತುವುದಿಲ್ಲ. ಆದರೂ ಅಪ್ಪ ಮೂರು ಸಲ ಸುತ್ತು ಹಾಕಿ ಬಂದರು. ಅಮೆರಿಕದ ಸಂಸತ್ ಭವನವಾದ ಕ್ಯಾಪಿಟಲ್ ಒಳಗಿನ ಟೂರ್ ಉಚಿತ. ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಉಚಿತ, ಆದರೆ ಭಾನುವಾರ ಮತ್ತು ಸೋಮವಾರ ಬಾಗಿಲು ಹಾಕಿರುತ್ತದೆ.

ಡಿಸಿಯಲ್ಲಿ ಜನ ಎಡವುವುದು ನಡಿಗೆಯಲ್ಲಿ. ನಕ್ಷೆಯಲ್ಲಿ ಕ್ಯಾಪಿಟಲ್‌ನಿಂದ ಲಿಂಕನ್ ಸ್ಮಾರಕ ಇಲ್ಲೇ ಇದೆಯಲ್ಲ ಅನ್ನಿಸುತ್ತದೆ. ನಡೆದರೆ ಮೂರು ಕಿಲೋಮೀಟರ್ ದಾಟುತ್ತದೆ, ಬಯಲು ಜಾಗ, ಗಾಳಿ ನೇರ ಮುಖಕ್ಕೆ. ಹಗಲೆಲ್ಲ ಮ್ಯೂಸಿಯಂ ಒಳಗಿರಿ. ಸ್ಮಾರಕಗಳನ್ನು ಕತ್ತಲಾದ ಮೇಲೆ ನೋಡಿ. ಲಿಂಕನ್ ಸ್ಮಾರಕ ಇಡೀ ರಾತ್ರಿ ತೆರೆದಿರುತ್ತದೆ. ದೀಪದ ಬೆಳಕಿನಲ್ಲಿ ಆ 19 ಅಡಿ ಎತ್ತರದ ಕೂತ ಲಿಂಕನ್ ಹಗಲಿಗಿಂತ ಚೆನ್ನಾಗಿ ಕಾಣುತ್ತಾನೆ, ಜನವೂ ಕಡಿಮೆ. ಬೇಗ ಕತ್ತಲಾಗುವುದು ಲಾಭವಾಗುವ ಊರೆಂದರೆ ನನಗೆ ಗೊತ್ತಿದ್ದಂತೆ ಇದೊಂದೇ.

ಮಂಡಿ ನೋವಿರುವವರಿಗೆ ಸ್ಮಿತ್ಸೋನಿಯನ್ ಮ್ಯೂಸಿಯಂಗಳಲ್ಲಿ ಗಾಲಿಕುರ್ಚಿಯನ್ನು ಉಚಿತವಾಗಿ ಕೊಡುತ್ತಾರೆ. ಮೊದಲು ಹೋದವರಿಗೆ ಮೊದಲು. ಬೇಡ ಬೇಡ ಅನ್ನುತ್ತಲೇ ಕೂತ ನಮ್ಮ ಅಪ್ಪ ಎರಡನೇ ದಿನ ಬಾಗಿಲಲ್ಲೇ "ಕುರ್ಚಿ ಎಲ್ಲಿ?" ಅಂದರು.

ಇನ್ನೊಂದು ಎಚ್ಚರಿಕೆ. ಇವೆಲ್ಲ ನಡೆಯುವುದು ಕೇಂದ್ರ ಸರ್ಕಾರದ ದುಡ್ಡಿನಲ್ಲಿ. ಬಜೆಟ್ ಜಗಳದಲ್ಲಿ ಸರ್ಕಾರ ಬಾಗಿಲು ಹಾಕಿದರೆ ಮ್ಯೂಸಿಯಂಗಳೂ ಮುಚ್ಚುತ್ತವೆ. 2019ರ ಜನವರಿಯಲ್ಲಿ ಹಾಗೇ ಆಯಿತು. ಹೊರಡುವ ವಾರ ಸುದ್ದಿ ನೋಡಿಕೊಳ್ಳಿ, ಹಣ ವಾಪಸ್ ಬರುವಂಥ ಹೋಟೆಲನ್ನೇ ಹಿಡಿಯಿರಿ.

ಫಿಲಡೆಲ್ಫಿಯಾ: ಒಂದು ದಿನ ಸಾಕು, ಆದರೆ ಆ ಒಂದು ದಿನ ಬೇಕು

ಡಿಸಿಯಿಂದ ರೈಲಿನಲ್ಲಿ ಎರಡು ಗಂಟೆಯೊಳಗೆ. ನಮ್ಮ ನ್ಯೂಜೆರ್ಸಿಯವರಿಗಂತೂ ಟ್ರೆಂಟನ್‌ವರೆಗೆ ಲೋಕಲ್ ರೈಲು, ಅಲ್ಲಿಂದ ಫಿಲಡೆಲ್ಫಿಯಾದ ಲೋಕಲ್ ರೈಲು. ದೂರದ ಊರುಗಳಿಗೆ ಓಡುವ ಆಮ್‌ಟ್ರಾಕ್ ರೈಲಿಗಿಂತ ನಿಧಾನ, ಆದರೆ ಟಿಕೆಟ್ ದರ ದಿನಕ್ಕೊಂದು ಥರ ಕುಣಿಯುವುದಿಲ್ಲ.

ಮುಖ್ಯವಾದದ್ದೆಲ್ಲ ನಾಲ್ಕೈದು ಬೀದಿಗಳೊಳಗೇ ಇದೆ. 1776ರ ಘೋಷಣೆ ಮತ್ತು 1787ರ ಸಂವಿಧಾನ ಎರಡೂ ಹುಟ್ಟಿದ್ದು ಇಂಡಿಪೆಂಡೆನ್ಸ್ ಹಾಲ್‌ನ ಒಂದೇ ಕೋಣೆಯಲ್ಲಿ. ಪ್ರವೇಶ ಉಚಿತ, ಆನ್‌ಲೈನ್‌ನಲ್ಲಿ ಸಮಯ ಹಿಡಿದಿಟ್ಟುಕೊಳ್ಳಲು ತಲೆಗೆ 1 ಡಾಲರ್. ಎದುರಿಗೇ ಲಿಬರ್ಟಿ ಬೆಲ್. ಅದಕ್ಕೆ ಟಿಕೆಟ್ಟೇ ಇಲ್ಲ. ಲಂಡನ್‌ನಿಂದ ಬಂದ ಗಂಟೆ ಮೊದಲ ಪರೀಕ್ಷೆಯಲ್ಲೇ ಸೀಳಿತು. ಊರಿನವರೇ ಕರಗಿಸಿ ಎರಡು ಸಲ ಎರಕ ಹೊಯ್ದರು. ಅದೂ ಮುಂದೆ ಬಿರುಕು ಬಿಟ್ಟಿತು. ಸಾಲು ಉದ್ದವಿದ್ದರೆ ಕಟ್ಟಡದ ಹೊರಗಿನ ಕಿಟಕಿಯಿಂದಲೇ ಗಂಟೆ ಕಾಣುತ್ತದೆ, ರಾತ್ರಿಯೂ ಕಾಣುತ್ತದೆ.

ಕನ್ನಡಿಗರಿಗೆ ಈ ಊರಲ್ಲಿ ಇನ್ನೊಂದು ಕಥೆ ಇದೆ. ಗೈಡ್‌ಗಳು ಅಷ್ಟಾಗಿ ಹೇಳುವುದಿಲ್ಲ. 1782ರಲ್ಲಿ ಬ್ರಿಟಿಷ್ ಹಡಗುಗಳ ಕಾಟ ತಡೆಯಲಾರದೆ ಇಲ್ಲಿನ ವರ್ತಕರು ಒಂದು ಹಡಗಿಗೆ ತೋಪು ಕಟ್ಟಿ ಡೆಲವೇರ್ ಕೊಲ್ಲಿಗೆ ಕಳಿಸಿದರು. ಅದರ ಹೆಸರು 'ಹೈದರ್ ಅಲಿ'. ಹೌದು, ನಮ್ಮ ಮೈಸೂರಿನ ಹೈದರನೇ. ಬ್ರಿಟಿಷರ ವೈರಿ ಎಲ್ಲಿದ್ದರೂ ಇವರಿಗೆ ಗೆಳೆಯ. ಜೋಶುವಾ ಬಾರ್ನಿ ಎಂಬ ಎಳೆಯ ಕಪ್ತಾನ ಆ ಹಡಗಿನಲ್ಲಿ ಹೋಗಿ, ತನಗಿಂತ ಬಲಶಾಲಿಯಾದ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿದು ತಂದ. ನದಿ ದಂಡೆಯಲ್ಲಿ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿರುವಾಗ ಇದನ್ನು ಹೇಳಿದರೆ ಮಕ್ಕಳು ನಂಬುವುದಿಲ್ಲ. ನಮ್ಮವಳು ಅಲ್ಲೇ ಫೋನ್‌ನಲ್ಲಿ ಹುಡುಕಿ ನೋಡಿ ಸುಮ್ಮನಾದಳು.

ಚಳಿ ತಡೆಯದಿದ್ದರೆ ರೀಡಿಂಗ್ ಟರ್ಮಿನಲ್ ಮಾರ್ಕೆಟ್‌ಗೆ ನುಗ್ಗಿ. 1893ರಿಂದ ಇರುವ ಸಂತೆ, ಪೂರ್ತಿ ಸೂರಿನಡಿ. ಆಮಿಶ್ ಜನರ ಅಂಗಡಿಗಳಲ್ಲಿ ಆಗತಾನೆ ಸುಟ್ಟ ಪ್ರೆಟ್ಜೆಲ್ ಸಿಗುತ್ತದೆ, ಸಸ್ಯಾಹಾರಿಗಳಿಗೂ ಹೊಟ್ಟೆಗೆ ಆದೀತು. ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆ ಮಾತ್ರ ಬೇಡ, ಕೂರಲು ಕುರ್ಚಿ ಸಿಗುವುದಿಲ್ಲ.

ಬಾಸ್ಟನ್: ನನ್ನ ಮಾತು ಕೇಳಿ, ಏಪ್ರಿಲ್‌ಗೆ ಇಟ್ಟುಕೊಳ್ಳಿ

ಬಾಸ್ಟನ್ ನನಗೆ ಇಷ್ಟದ ಊರು. ಆದರೂ ಚಳಿಗಾಲಕ್ಕೆ ಬೇಡ ಅನ್ನುತ್ತೇನೆ. ಅಲ್ಲಿನ ಇತಿಹಾಸವೆಲ್ಲ ಬೀದಿಯಲ್ಲಿದೆ. ಫ್ರೀಡಂ ಟ್ರೇಲ್ ಎಂದು ಎರಡೂವರೆ ಮೈಲಿ ದಾರಿ, 16 ತಾಣ, ನೆಲದ ಮೇಲಿನ ಕೆಂಪು ಇಟ್ಟಿಗೆಯ ಗೆರೆ ಹಿಡಿದು ನಡೆಯಬೇಕು. ನಾವು ಹೋಗಿದ್ದು ಜನವರಿಯಲ್ಲಿ, ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಅಮ್ಮ ನಾಲ್ಕು ಹೆಜ್ಜೆ ನಡೆದು ನಿಂತಳು. "ನೀನು ಹೇಳಿದ ಗೆರೆ ಎಲ್ಲಿ ಹೋಯ್ತೋ?" ಗೆರೆ ಹಿಮದಡಿ. ಸ್ವಾತಂತ್ರ್ಯ ಹೋರಾಟಗಾರ ಪಾಲ್ ರಿವಿಯರ್ ಮನೆ ಹುಡುಕುವಷ್ಟರಲ್ಲಿ ಎಲ್ಲರ ಶೂ ಒಳಗೂ ನೀರು. ಮೂರು ಗಂಟೆಗೆ ಒಂದು ಕಾಫಿ ಅಂಗಡಿ ಹೊಕ್ಕವರು ಕತ್ತಲಾದ ಮೇಲೇ ಎದ್ದದ್ದು. ಆ ದಿನ ಕಾಫಿಗೇ ನಲವತ್ತು ಡಾಲರ್ ಆಯಿತು.

ಜನವರಿಯಲ್ಲಿ ಹಗಲೇ ಎರಡು ಮೂರು ಡಿಗ್ರಿ ಸೆಲ್ಸಿಯಸ್, ರಾತ್ರಿ ಸೊನ್ನೆಗಿಂತ ಕೆಳಗೆ. ವಯಸ್ಸಿನ ಹುಡುಗರು, ವಿದ್ಯಾರ್ಥಿಗಳು ಹೋಗುವುದಾದರೆ ಬೇರೆ ಮಾತು. ಆಗ ಹೋಟೆಲ್ ದರ ಬೇಸಿಗೆಗಿಂತ ತುಂಬಾ ಇಳಿದಿರುತ್ತದೆ, ವಿಮಾನ ನಿಲ್ದಾಣದಿಂದ ಊರಿಗೆ ಬರುವ ಸಿಲ್ವರ್ ಲೈನ್ ಬಸ್ಸೂ ಉಚಿತ. 1773ರ ಡಿಸೆಂಬರ್ 16ರಂದು ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಟೀಯನ್ನು ಬ್ರಿಟಿಷರ ತೆರಿಗೆ ವಿರೋಧಿಸಿ ಊರಿನವರು ಸಮುದ್ರಕ್ಕೆ ಎಸೆದದ್ದು ಇಂಥದ್ದೇ ಚಳಿಯಲ್ಲಿ. ಅದನ್ನು ಮೈಮೇಲೆ ಅನುಭವಿಸಬೇಕು ಅನ್ನುವವರನ್ನು ನಾನು ತಡೆಯುವುದಿಲ್ಲ.

ದಕ್ಷಿಣದ ಮೂರು ಊರು

"ಚಳಿ ಬೇಡವೇ ಬೇಡ" ಅನ್ನುವವರು ಚಾರ್ಲ್ಸ್‌ಟನ್, ಸವಾನಾ, ಸೇಂಟ್ ಆಗಸ್ಟೀನ್ ಕಡೆ ನೋಡುತ್ತಾರೆ. ಹಗಲು ಹದಿನೈದು ಡಿಗ್ರಿ ಆಚೀಚೆ, ಮಡಿಕೇರಿಯ ಜನವರಿ ಬೆಳಗಿನ ಹಾಗೆ. ಒಂದು ಸ್ವೆಟರ್ ಸಾಕು.

ಮೂರರಲ್ಲಿ ಚಾರ್ಲ್ಸ್‌ಟನ್ ದುಬಾರಿ. ಹಳೇ ಊರಿನೊಳಗೆ ಉಳಿಯುವುದು ಬಜೆಟ್‌ನವರ ಮಾತಲ್ಲ. 1861ರಲ್ಲಿ ಅಂತರ್ಯುದ್ಧ ಶುರುವಾದ ಫೋರ್ಟ್ ಸಮ್ಟರ್ ನೋಡಲು ದೋಣಿಗೆ ದುಡ್ಡು, ಹಳೇ ಬಂಗಲೆಗಳಿಗೆ ಒಂದೊಂದಕ್ಕೂ ದುಡ್ಡು. ಆದರೆ ಅಮೆರಿಕಕ್ಕೆ ತಂದ ಗುಲಾಮರಲ್ಲಿ ದೊಡ್ಡ ಪಾಲು ಇಳಿದದ್ದು ಈ ಬಂದರಿನಲ್ಲಿ. ಗ್ಯಾಡ್ಸ್‌ಡನ್ ವಾರ್ಫ್ ಇದ್ದ ಜಾಗದಲ್ಲೇ 2023ರಲ್ಲಿ ತೆರೆದ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಇದೆ. ಚಾರ್ಲ್ಸ್‌ಟನ್‌ಗೆ ಹೋದರೆ ಒಂದಕ್ಕೆ ಮಾತ್ರ ದುಡ್ಡು ಕೊಡಿ, ಅದು ಇದಕ್ಕೆ.

ಬಜೆಟ್ ನೋಡಿದರೆ ಸವಾನಾ ಮೇಲು. ಈ ಊರಲ್ಲಿ ನೋಡುವ ವಸ್ತು ಊರೇ. 1733ರಲ್ಲಿ ಊರು ಕಟ್ಟಿದ ಓಗಲ್‌ಥೋರ್ಪ್ ಹಾಕಿಕೊಟ್ಟ ನಕ್ಷೆಯಂತೆ ಬೆಳೆದ ಚೌಕಗಳು, ಒಟ್ಟು 24ರಲ್ಲಿ 22 ಇವತ್ತಿಗೂ ಉಳಿದಿವೆ. ಎರಡು ಮೂರು ನಿಮಿಷ ನಡೆದರೆ ಒಂದು ಚೌಕ, ಅದರಲ್ಲಿ ಬೆಂಚು, ಮೇಲೆ ಜಡೆ ಬಿಟ್ಟಂತೆ ಪಾಚಿ ನೇತಾಡುವ ಓಕ್ ಮರ. ಇವು ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲ. ಹಿರಿಯರು ನಡೆದು, ಕೂತು, ಮತ್ತೆ ನಡೆದು ಇಡೀ ಊರು ಮುಗಿಸಬಹುದು. ಊರೊಳಗಿನ ಡಾಟ್ ಬಸ್ಸೂ ನದಿ ದಾಟಿಸುವ ದೋಣಿಯೂ ಉಚಿತ. ನ್ಯೂಯಾರ್ಕ್, ಡಿಸಿ ಕಡೆಯಿಂದ ಆಮ್‌ಟ್ರಾಕ್ ರೈಲೂ ಇದೆ. ಅಟ್ಲಾಂಟಾದವರಿಗೆ ಕಾರಿನಲ್ಲಿ ನಾಲ್ಕು ಗಂಟೆ.

ಸೇಂಟ್ ಆಗಸ್ಟೀನ್‌ಗೆ ಕಾರು ಬೇಕೇ ಬೇಕು. 1565ರಲ್ಲಿ ಸ್ಪ್ಯಾನಿಷರು ಕಟ್ಟಿದ ಊರು. ಇಲ್ಲಿನ ಕೋಟೆಯ ಗೋಡೆಗೆ ಹತ್ತಿರ ಹೋಗಿ ನೋಡಿ. ಕಲ್ಲಿನ ತುಂಬಾ ಪುಟ್ಟ ಪುಟ್ಟ ಕಪ್ಪೆಚಿಪ್ಪು. ಕೊಕೀನಾ ಎಂಬ ಈ ಮೆತ್ತನೆಯ ಕಲ್ಲು ಗುಂಡು ಬಿದ್ದರೆ ಒಡೆಯದೆ ಅದನ್ನು ನುಂಗಿಕೊಳ್ಳುತ್ತಿತ್ತಂತೆ. 1702ರಲ್ಲಿ ಇಂಗ್ಲಿಷರು ಊರು ಸುಟ್ಟರು, ಕೋಟೆ ಕೈಗೆ ಸಿಗಲಿಲ್ಲ. ಕೋಟೆ ಬಿಟ್ಟರೆ ಉಳಿದದ್ದು ಅರ್ಧ ದಿನದ ಕೆಲಸ. ಸವಾನಾದಿಂದ ಕಾರಿನಲ್ಲಿ ಒಂದು ದಿನಕ್ಕೆ ಹೋಗಿಬನ್ನಿ, ಸಾಕು.

ನ್ಯೂ ಆರ್ಲಿಯನ್ಸ್ ಇಲ್ಲಾ ಸ್ಯಾನ್ ಆಂಟೋನಿಯೋ?

ಟೆಕ್ಸಸ್ ಕನ್ನಡಿಗರು ಕೇಳುವ ಪ್ರಶ್ನೆ ಇದು. ಮನೆಮಂದಿಯೆಲ್ಲ ಹೊರಟರೆ ಸ್ಯಾನ್ ಆಂಟೋನಿಯೋ. ಗೆಳೆಯರ ಗುಂಪು ಅಥವಾ ಗಂಡ ಹೆಂಡತಿ ಮಾತ್ರವಾದರೆ ನ್ಯೂ ಆರ್ಲಿಯನ್ಸ್.

ಸ್ಯಾನ್ ಆಂಟೋನಿಯೋದಲ್ಲಿ ಎಲ್ಲರೂ ಓಡುವುದು ಅಲಾಮೋಗೆ. 1836ರ ಮಾರ್ಚ್ 6ರಂದು ಟೆಕ್ಸಸ್ ಬಂಡುಕೋರರು ಮೆಕ್ಸಿಕೋ ಸೈನ್ಯದೆದುರು ಸೋತ ಜಾಗ. ಇಗರ್ಜಿಯೊಳಗೆ ಹೋಗಲು ಉಚಿತ, ಸಮಯ ಮಾತ್ರ ಮೊದಲೇ ಹಿಡಿಯಬೇಕು. ನೋಡಿದವರು ಹೆಚ್ಚಾಗಿ "ಇಷ್ಟೇನಾ?" ಅನ್ನುತ್ತಾರೆ, ಅಷ್ಟು ಚಿಕ್ಕದು. ನಿಜವಾದ ಸೊಗಸಿರುವುದು ದಕ್ಷಿಣಕ್ಕೆ ನದಿಗುಂಟ ಇರುವ ಇನ್ನು ನಾಲ್ಕು ಮಿಷನ್‌ಗಳಲ್ಲಿ, ಅಂದರೆ ಸ್ಪ್ಯಾನಿಷ್ ಪಾದ್ರಿಗಳು ಕಟ್ಟಿದ ಹಳೇ ನೆಲೆಗಳಲ್ಲಿ. ಅಲಾಮೋ ಸೇರಿ ಐದೂ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ನಾಲ್ಕಕ್ಕೂ ಪ್ರವೇಶ ಉಚಿತ. ಎಸ್ಪಾಡಾ ಮಿಷನ್ ಬಳಿ 1740ರ ದಶಕದಲ್ಲಿ ಹಳ್ಳದ ಮೇಲೆ ಕಟ್ಟಿದ ಕಲ್ಲಿನ ಮೇಲ್ಗಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ತೋಟ, ಗದ್ದೆ ಗೊತ್ತಿರುವ ನಮ್ಮ ಹಿರಿಯರಿಗೆ ಅಲಾಮೋಗಿಂತ ಈ ಕಾಲುವೆಯೇ ಹಿಡಿಸುತ್ತದೆ. ಸಂಜೆ ರಿವರ್ ವಾಕ್‌ನ ದೀಪಾಲಂಕಾರಕ್ಕೂ ದುಡ್ಡಿಲ್ಲ.

ನ್ಯೂ ಆರ್ಲಿಯನ್ಸ್‌ನ ಫ್ರೆಂಚ್ ಕ್ವಾರ್ಟರ್ ಹೆಸರಿಗೆ ಫ್ರೆಂಚ್. 1788 ಮತ್ತು 1794ರ ಬೆಂಕಿಯಲ್ಲಿ ಹಳೇ ಊರಿನ ಬಹುಪಾಲು ಸುಟ್ಟುಹೋಯಿತು, ಮತ್ತೆ ಕಟ್ಟಿದ್ದು ಸ್ಪ್ಯಾನಿಷರ ಆಳ್ವಿಕೆಯಲ್ಲಿ. ಗೇಟಿನ ಸಂದಿಯಿಂದ ಇಣುಕಿದರೆ ಒಳಗೆ ನಮ್ಮ ತೊಟ್ಟಿಮನೆಯ ಹಾಗೆ ಅಂಗಳ ಕಾಣುತ್ತದೆ. 1835ರಿಂದ ಓಡುತ್ತಿರುವ ಸೇಂಟ್ ಚಾರ್ಲ್ಸ್ ಟ್ರಾಮ್‌ಗೆ 1.25 ಡಾಲರ್, ದಿನದ ಪಾಸ್ 3 ಡಾಲರ್. ಇದಕ್ಕಿಂತ ಅಗ್ಗದ ಸಿಟಿ ಟೂರ್ ಎಲ್ಲಿದೆ ಹೇಳಿ? ತಿನ್ನಲು ಬೆನ್ಯೆ. ಬಾಳೆಹಣ್ಣು ಹಾಕದ ಮಂಗಳೂರು ಬನ್ಸ್ ಮೇಲೆ ಬೊಗಸೆ ಸಕ್ಕರೆ ಪುಡಿ ಸುರಿದಂತೆ ಇರುತ್ತದೆ. ಬಾಯಿ ಹತ್ತಿರ ತಂದಾಗ ಉಸಿರು ಬಿಡಬೇಡಿ, ಪುಡಿಯೆಲ್ಲ ಎದುರಿಗಿದ್ದವರ ಕೋಟಿನ ಮೇಲೆ. ಜೊತೆಗೆ ಕೊಡುವ ಕಾಫಿಗೆ ಚಿಕೋರಿ ಬೆರೆಸಿರುತ್ತಾರೆ. ಅಮೆರಿಕದಲ್ಲಿ ಹೊರಗೆ ಕುಡಿದ ಕಾಫಿ ಮನೆ ಕಾಫಿಯ ಹಾಗಿದೆ ಎಂದು ಅಮ್ಮ ಒಪ್ಪಿದ್ದು ಇಲ್ಲಿ ಮಾತ್ರ.

ತಾರೀಕು ಮಾತ್ರ ನೋಡಿಕೊಳ್ಳಿ. ಮಾರ್ಡಿ ಗ್ರಾ ಹಬ್ಬದ ಹಿಂದಿನ ಎರಡು ವಾರ ಹೋಟೆಲ್ ದರ ಮುಟ್ಟುವಂತಿಲ್ಲ. 2027ರಲ್ಲಿ ಹಬ್ಬ ಫೆಬ್ರವರಿ 9ಕ್ಕೆ. ಸಸ್ಯಾಹಾರಿಗಳು ಇಲ್ಲಿ ರಾಜ್ಮಾ ಅನ್ನ ಕಂಡು ಖುಷಿಪಡಬೇಡಿ, ಅದರಲ್ಲಿ ಸಾಮಾನ್ಯವಾಗಿ ಹಂದಿ ಮಾಂಸ ಇರುತ್ತದೆ. ಕೇಳಿ ತಿನ್ನಿ.

ಕಾರ್ನ್‌ವಾಲಿಸ್ ಸೋತ ಜಾಗ

ಡಿಸಿಯಿಂದ ದಕ್ಷಿಣಕ್ಕೆ ವಿಲಿಯಮ್ಸ್‌ಬರ್ಗ್ ಮತ್ತು ಯಾರ್ಕ್‌ಟೌನ್ ಇವೆ. ವಿಲಿಯಮ್ಸ್‌ಬರ್ಗ್‌ನ ಹಳೇ ಬೀದಿಯಲ್ಲಿ ಓಡಾಡಲು ಟಿಕೆಟ್ ಬೇಡ, ಮನೆಗಳೊಳಗೆ ಹೋಗಲು ಬೇಕು. ಟಿಕೆಟ್ ಅಗ್ಗವೇನಲ್ಲ, ಹಾಗಾಗಿ ಬಜೆಟ್‌ನವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಯಾರ್ಕ್‌ಟೌನ್‌ಗೆ ಮಾತ್ರ ಹೋಗಿ ಅನ್ನುತ್ತೇನೆ. 1781ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಇಲ್ಲಿ ಶರಣಾಯಿತು, ಬ್ರಿಟಿಷರ ಕೈಯಿಂದ ಅಮೆರಿಕ ಜಾರಿತು. ಅದೇ ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಒಯ್ದ. ಯಾರ್ಕ್‌ಟೌನ್‌ನಲ್ಲಿ ಈಗ ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳ ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ. ಚಳಿಗಾಲದಲ್ಲಿ ಹೆಚ್ಚು ಜನರೂ ಇರುವುದಿಲ್ಲ. ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆ ನೋಡಿದವರಿಗೆ ಮಾತ್ರ ಈ ದಿಬ್ಬದ ಮೇಲೆ ಒಂದು ಥರ ಅನ್ನಿಸುತ್ತದೆ. ಕಾರು ಬೇಕು, ಅದೊಂದೇ ಕಷ್ಟ.

ದುಡ್ಡು ಸೋರುವ ಜಾಗ

ಒಂದು ಸಲ ರಾತ್ರಿಗೆ ಮೂವತ್ತು ಡಾಲರ್ ಉಳಿಯಿತೆಂದು ಊರಿಂದ ಇಪ್ಪತ್ತೈದು ಮೈಲಿ ಆಚೆ ಹೋಟೆಲ್ ಹಿಡಿದೆ. ದಿನಾ ಊರೊಳಗೆ ಕಾರು ನಿಲ್ಲಿಸಲು ನಲವತ್ತೈದು ಡಾಲರ್, ಮೇಲೆ ಟೋಲ್. ಸಂಜೆ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ, ಹಿಂದಿನ ಸೀಟಿನಲ್ಲಿ ಮಕ್ಕಳ ಜಗಳ. ಅಂದಿನಿಂದ ನನ್ನ ಲೆಕ್ಕ ಸರಳ. ಡಿಸಿಯಾದರೆ ನದಿ ಆಚೆಯ ಕ್ರಿಸ್ಟಲ್ ಸಿಟಿ ಅಥವಾ ರಾಸ್ಲಿನ್‌ನಲ್ಲಿ ಮೆಟ್ರೋ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲ್. ಅವು ಆಫೀಸ್ ಕೆಲಸಕ್ಕೆ ಬರುವವರ ಹೋಟೆಲ್‌ಗಳು, ಶನಿವಾರ ಭಾನುವಾರ ದರ ಇಳಿಯುತ್ತದೆ. ಹುಡುಕುವಾಗ ಕಾಣುವ ದರಕ್ಕೆ ತೆರಿಗೆ ಸೇರಿರುವುದಿಲ್ಲ ಎಂಬುದನ್ನು ಮರೆಯಬೇಡಿ. ಹಲವು ಊರುಗಳಲ್ಲಿ ನೂರಕ್ಕೆ ಹದಿಮೂರರಿಂದ ಹದಿನಾರು.

ತಾರೀಕಿನ ವಿಷಯದಲ್ಲಿ ಎರಡು ಸಂದು ಇವೆ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲೆ ಡಿಸೆಂಬರ್ ಮಧ್ಯದವರೆಗೆ, ಮತ್ತೆ ಹೊಸ ವರ್ಷದ ಗದ್ದಲ ಇಳಿದ ಮೇಲೆ ಫೆಬ್ರವರಿ ಮೊದಲ ವಾರದವರೆಗೆ. ಜನವರಿ ಮತ್ತು ಫೆಬ್ರವರಿಯ ಮೂರನೇ ಸೋಮವಾರಗಳು ರಜೆ, ಆ ವಾರಾಂತ್ಯ ಬಿಟ್ಟುಬಿಡಿ. ಮಕ್ಕಳ ಶಾಲೆ ಬಿಡಿಸಬೇಕಲ್ಲಾ ಅನ್ನುವವರಿಗೆ ನನ್ನ ಹತ್ತಿರವೂ ಉತ್ತರವಿಲ್ಲ.

ಬಟ್ಟೆಗೆ ದುಡ್ಡು ಸುರಿಯಬೇಡಿ. ಅಪ್ಪ ಅಮ್ಮನಿಗೆಂದು ಇನ್ನೂರು ಡಾಲರ್‌ನ ಕೋಟು ಕೊಂಡರೆ ಮೇ ತಿಂಗಳಲ್ಲಿ ಅದು ಊರಿಗೂ ಹೋಗುವುದಿಲ್ಲ, ಇಲ್ಲೂ ಆಗುವುದಿಲ್ಲ. ಗೆಳೆಯರಿಂದ ಎರವಲು ತನ್ನಿ, ಇಲ್ಲಾ ಸೆಕೆಂಡ್ ಹ್ಯಾಂಡ್ ಅಂಗಡಿ ನೋಡಿ. ದುಡ್ಡು ಹಾಕುವುದಿದ್ದರೆ ಕಾಲಿಗೆ ಹಾಕಿ: ನೀರು ಹೋಗದ ಶೂ, ಉಣ್ಣೆಯ ಕಾಲುಚೀಲ. ತಲೆಗೆ ಊರಿಂದ ತಂದ ಮಂಕಿ ಟೋಪಿಯೇ ಸಾಕು. ಮಗಳು ನಾಚಿಕೆಪಟ್ಟಳು, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಹತ್ತು ನಿಮಿಷ ನಿಂತ ಮೇಲೆ ಅದನ್ನೇ ತಾತನಿಂದ ಕಿತ್ತುಕೊಂಡಳು.

ಊಟಕ್ಕೆ ಸಣ್ಣ ಎಲೆಕ್ಟ್ರಿಕ್ ಕೆಟಲ್, ಗೊಜ್ಜವಲಕ್ಕಿ ಮಿಕ್ಸ್, ಚಟ್ನಿಪುಡಿ, ಒಂದು ಡಬ್ಬ ಮೊಸರು. ಬೆಳಗಿನ ತಿಂಡಿಯೂ ರಾತ್ರಿ ಊಟವೂ ರೂಮಿನಲ್ಲೇ ಮುಗಿದರೆ ಮಧ್ಯಾಹ್ನ ಒಂದು ಹೊತ್ತು ಹೊರಗೆ ಧಾರಾಳವಾಗಿ ತಿನ್ನಬಹುದು. ಒಗ್ಗರಣೆ ಮಾತ್ರ ಮನೆಯಲ್ಲೇ ಹಾಕಿಕೊಂಡು ಹೋಗಿ. ರೂಮಿನಲ್ಲಿ ಹೊಗೆ ಅಲಾರಂ ಬಡಿದುಕೊಂಡರೆ ಇಡೀ ಹೋಟೆಲ್ ಆ ಚಳಿಯಲ್ಲಿ ರಸ್ತೆಗೆ ಬರುತ್ತದೆ, ಎಲ್ಲರೂ ನಿಮ್ಮನ್ನೇ ನೋಡುತ್ತಾರೆ.